ಹಿಂದಿನದನ್ನು ಮರೆಯಿರೆಂದು ಯಾರು ಹೇಳಿದರು?

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಈಗ ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಇದು: ‘ಹಿಂದಿನದನ್ನೆಲ್ಲ ಮರೆತುಬಿಡಿ. ಹಳೆಯ ವರ್ಷ ಮುಗಿಯಿತು. ದೇವರು ಹೊಸ ಕಾರ್ಯ ಮಾಡುತ್ತಾನೆ, ವಿಶ್ವಾಸದಿಂದ ಹಿಡಿದುಕೊಳ್ಳಿ.’ ಹನ್ನೆರಡು ಹೊಡೆದ ಮೇಲೆ ತಟ್ಟೆಯಲ್ಲಿ ವಾಗ್ದಾನದ ಚೀಟಿಗಳು ಬರುತ್ತವೆ. ಒಬ್ಬೊಬ್ಬರೂ ಒಂದೊಂದು ಎತ್ತಿಕೊಳ್ಳುತ್ತಾರೆ. ಚೀಟಿಯಲ್ಲಿರುವುದು ಬಹುಮಟ್ಟಿಗೆ ವೃದ್ಧಿ, ಜಯ, ಎರಡರಷ್ಟು ಆಶೀರ್ವಾದ. ‘ನೆನಸಿಕೋ’ ಎಂದು ಹೇಳುವ ವಚನ ನಾನು ನೋಡಿದ ಚೀಟಿಗಳಲ್ಲಿ ಇರಲಿಲ್ಲ. ಧರ್ಮೋಪದೇಶಕಾಂಡದಲ್ಲಿ ಮೋಶೆ ಮತ್ತೆ ಮತ್ತೆ ಗೋಗರೆಯುವುದು ಅದೊಂದಕ್ಕೇ. ತಿಂದು ತೃಪ್ತನಾಗಿ ಒಳ್ಳೆಯ ಮನೆ ಕಟ್ಟಿಕೊಂಡ ಮೇಲೆ ನಿನ್ನ ದೇವರನ್ನು ಮರೆತೀಯೆ, ಜೋಕೆ ಎಂಬುದು ಅವನ ಕೊನೆಗಾಲದ ಭಯ. ಆ ಭಯ ನಿಜವಾಗಿರುವುದು ನಮ್ಮ ಕಾಲದಲ್ಲಿ. ಅದೂ ದೇವರನ್ನು ಮರೆತವರ ನಡುವೆ ಅಲ್ಲ, ವಾರಕ್ಕೆ ಮೂರು ಕೂಟ ನಡೆಸುವವರ ನಡುವೆ.

ಈ ಬೋಧನೆ ತಪ್ಪು. ವೇದಕ್ಕೂ ವಿರುದ್ಧ, ಈ ಸೀಮೆಯಲ್ಲಿ ನಾವು ಬದುಕಿ ಬಂದ ರೀತಿಗೂ ವಿರುದ್ಧ.

ಕೊಳ್ಳೇಗಾಲದಿಂದ ಹನೂರಿನ ಹಾದಿ ಹಿಡಿದರೆ ಮಧುವನಹಳ್ಳಿ, ಆಮೇಲೆ ಕಾಮಗೆರೆ. ಹನೂರು ದಾಟಿ ಕಾಡಂಚಿಗೆ ಹೋದರೆ ಮಾರ್ಟಳ್ಳಿ, ಸಂದನಪಾಳ್ಯ. 1956ರವರೆಗೆ ಇದೆಲ್ಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ಇಲ್ಲಿನ ಕ್ರೈಸ್ತರಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವವರೂ ಇದ್ದಾರೆ, ತಮಿಳಿನಲ್ಲಿ ಜಪಿಸುವವರೂ ಇದ್ದಾರೆ. ಕಥೋಲಿಕರು, ಪ್ರಾಟೆಸ್ಟೆಂಟರು, ಈಚಿನ ಪ್ರಾರ್ಥನಾಲಯಗಳವರು ಎಲ್ಲರೂ ಇದ್ದೇವೆ. ಇದೇ ಹಾದಿಯಲ್ಲಿ ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಮಾದಪ್ಪನ ಬೆಟ್ಟದ ಪರಸೆ ನಡೆದುಹೋಗುತ್ತದೆ. ದೇವರಗುಡ್ಡರು ಕಂಸಾಳೆ ಹಿಡಿದು, ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಅವರು ಹಾಡುವುದು ಮುಂದಿನ ವರ್ಷ ಏನಾದೀತೆಂದಲ್ಲ. ತಮ್ಮ ದೇವರು ಎಲ್ಲಿ ನಡೆದ, ಯಾರ ಮನೆಯ ಬಾಗಿಲಲ್ಲಿ ನಿಂತ, ಯಾರ ಕಣ್ಣೀರು ಒರೆಸಿದ ಎಂದು. ನಂಬಿಕೆಯ ವಿಷಯದಲ್ಲಿ ಅವರಿಗೂ ನಮಗೂ ಇರುವ ಅಂತರವನ್ನು ನಾನು ಮುಚ್ಚುವುದಿಲ್ಲ. ಆದರೆ ನೆನೆಯುವ ವಿದ್ಯೆ ಈ ನೆಲದಲ್ಲಿ ಇತ್ತು, ನಮ್ಮ ಅಜ್ಜಿಯರಿಗೂ ಅದು ಬಂದಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಅವರು ಮೊದಲು ಏನನ್ನೂ ಕೇಳುತ್ತಿರಲಿಲ್ಲ. ರಾತ್ರಿಯೆಲ್ಲ ಕಾಪಾಡಿದೆ, ಬೆಳಕು ಕಾಣಿಸಿದೆ, ಆ ಬರದಲ್ಲಿ ಸಾಯಗೊಡಲಿಲ್ಲ, ಈ ಮಗುವಿನ ಜ್ವರ ಇಳಿಸಿದೆ, ಇಲ್ಲೀತನಕ ನಡೆಸಿದೆ ತಂದೆ ಎಂದು ಒಂದೊಂದನ್ನೂ ಹೆಸರಿಟ್ಟು ಹೇಳುತ್ತಿದ್ದರು. ಬೇಡಿಕೆ ಬರುತ್ತಿದ್ದುದು ಕೊನೆಗೆ, ಅದೂ ಸಣ್ಣದು. ಇಂಥ ಪ್ರಾರ್ಥನೆಗೆ ಇಂದಿನ ಬೋಧಕರು ‘ಹಳೆಯದಕ್ಕೆ ಅಂಟಿಕೊಂಡ ವಿಶ್ವಾಸ’ ಎಂದು ಹೆಸರಿಟ್ಟಿದ್ದಾರೆ. ಆ ಮಾತು ನನಗೆ ಸಹಿಸಲಾಗುವುದಿಲ್ಲ.

ಅವರು ಆಧಾರವಾಗಿ ಹಿಡಿದಿರುವುದು ಎರಡು ವಚನಗಳನ್ನು. ಒಂದು, ಫಿಲಿಪ್ಪಿಯವರಿಗೆ ಪೌಲನು ಬರೆದ ಪತ್ರದ ಮೂರನೆಯ ಅಧ್ಯಾಯದ್ದು: ಹಿಂದಿನದನ್ನು ಮರೆತು ಗುರಿಯ ಕಡೆಗೆ ಓಡುತ್ತೇನೆ ಎಂಬ ಅರ್ಥದ ಮಾತು. ಆ ಅಧ್ಯಾಯವನ್ನು ಮೊದಲಿಂದ ಓದಿದರೆ ಪೌಲ ಮರೆಯಹೊರಟಿದ್ದು ಏನನ್ನೆಂದು ಯಾರಿಗಾದರೂ ತಿಳಿಯುತ್ತದೆ. ತಾನು ಬೆನ್ಯಾಮೀನನ ಕುಲದವನು, ಇಬ್ರಿಯರಿಗೆ ಹುಟ್ಟಿದ ಇಬ್ರಿಯನು, ಫರಿಸಾಯನು, ಧರ್ಮಶಾಸ್ತ್ರದ ನೀತಿಯಲ್ಲಿ ತಪ್ಪಿಲ್ಲದವನು ಎಂದು ಪಟ್ಟಿ ಕೊಟ್ಟು, ಇದೆಲ್ಲ ಕಸ ಎಂದು ತಳ್ಳಿಹಾಕುತ್ತಾನೆ. ಅವನು ಬಿಟ್ಟದ್ದು ಕುಲದ ಹೆಮ್ಮೆ, ತನ್ನ ಸಾಧನೆಯ ಹೆಮ್ಮೆ. ನಾವು ಮಾಡಿರುವುದು ಇದರ ತಿರುಗುಮುರುಗು. ದೇವರ ಉಪಕಾರವನ್ನು ಮರೆತಿದ್ದೇವೆ, ಕುಲವನ್ನು ಮರೆತಿಲ್ಲ. ದೀಕ್ಷಾಸ್ನಾನ ಪಡೆದು ಮೂರು ತಲೆಮಾರು ಕಳೆದ ಮನೆಗಳಲ್ಲೂ ಸಂಬಂಧದ ಮಾತು ಬಂದಾಗ ಮೊದಲು ಕೇಳುವುದು ಯಾವ ಕಡೆಯವರು ಎಂದೇ. ಪೌಲನ ಆ ವಚನ ಬೋಧಿಸಬೇಕಾದ ಜಾಗ ಅದು. ಅಲ್ಲಿ ಅದನ್ನು ಯಾರೂ ಬೋಧಿಸುವುದಿಲ್ಲ.

ಇನ್ನೂ ಒಂದಿದೆ. ಹಿಂದಿನದನ್ನು ಮರೆತೆ ಎಂದ ಪೌಲ ಅದೇ ಪತ್ರವನ್ನು ಶುರುಮಾಡುವುದು, ನಿಮ್ಮನ್ನು ನೆನೆದಾಗಲೆಲ್ಲ ದೇವರಿಗೆ ಸ್ತೋತ್ರ ಮಾಡುತ್ತೇನೆ ಎಂದು. ಮುಗಿಸುವಾಗ, ಮಕೆದೋನ್ಯದಿಂದ ಹೊರಟಾಗ ನಿಮ್ಮ ಸಭೆಯ ಹೊರತು ಬೇರಾವ ಸಭೆಯೂ ನನ್ನ ಕೊಡುಕೊಳ್ಳುವಿಕೆಯಲ್ಲಿ ಪಾಲುಗೊಳ್ಳಲಿಲ್ಲ, ಥೆಸಲೋನಿಕದಲ್ಲಿದ್ದಾಗಲೂ ಒಂದಲ್ಲ ಎರಡು ಸಲ ನನ್ನ ಕೊರತೆಗೆ ಕಳುಹಿಸಿದಿರಿ ಎಂದು ಲೆಕ್ಕ ಒಪ್ಪಿಸುತ್ತಾನೆ. ಕಾಣಿಕೆ ಹೊತ್ತು ತಂದು ಕಾಯಿಲೆಬಿದ್ದು ಸಾವಿನಂಚಿಗೆ ಹೋಗಿ ಬಂದ ಎಪಫ್ರೊದೀತನನ್ನು ಹೆಸರು ಹಿಡಿದು ನೆನೆಯುತ್ತಾನೆ. ಸೆರೆಯಲ್ಲಿದ್ದ ಮನುಷ್ಯ ವರ್ಷಗಳ ಹಿಂದಿನ ಎರಡು ಸಣ್ಣ ಸಹಾಯಗಳನ್ನು ಊರಿನ ಹೆಸರಿನೊಂದಿಗೆ ನೆನಪಿಟ್ಟಿದ್ದಾನೆ. ಇವನನ್ನು ಮರೆವಿನ ಗುರು ಮಾಡಿಕೊಂಡಿರುವುದು ಅನ್ಯಾಯ.

ಎರಡನೆಯದು ಯೆಶಾಯನ ನಲವತ್ತಮೂರನೆಯ ಅಧ್ಯಾಯದ್ದು. ಅದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಹಳೆಯದನ್ನು ಮನಸ್ಸಿಗೆ ತರಬೇಡಿ ಎನ್ನುವುದಕ್ಕೆ ಮುಂಚಿನ ಎರಡು ವಚನಗಳಲ್ಲೇ ಪ್ರವಾದಿ ಸಮುದ್ರದಲ್ಲಿ ದಾರಿ ಮಾಡಿದ ದೇವರನ್ನು, ಮುಳುಗಿದ ರಥಗಳನ್ನು ಜ್ಞಾಪಿಸಿರುತ್ತಾನೆ. ಮುಂದೆ ನಲವತ್ತಾರನೆಯ ಅಧ್ಯಾಯದಲ್ಲಿ ಪುರಾತನ ಸಂಗತಿಗಳನ್ನು ನೆನಪಿಗೆ ತಂದುಕೊಳ್ಳಿರೆಂದು ನೇರವಾಗಿ ಆಜ್ಞಾಪಿಸುತ್ತಾನೆ. ಬಾಬೆಲಿನಲ್ಲಿ ಸೆರೆಯಾಗಿದ್ದವರು, ದೇವರು ಅಂದು ಮಾಡಿದ್ದೇ ಕೊನೆ, ಇನ್ನು ಮಾಡಲಾರ ಎಂದು ಕೈಚೆಲ್ಲಿದ್ದರು. ಅವರಿಗೆ ಹೇಳಿದ ಮಾತದು. ಮಧ್ಯದ ಒಂದು ಸಾಲು ಕಿತ್ತು ಚೀಟಿಯ ಮೇಲೆ ಅಚ್ಚುಹಾಕಿದರೆ ಅದು ಯೆಶಾಯನ ಮಾತಾಗಿ ಉಳಿಯುವುದಿಲ್ಲ.

ನಾವು ಎಬೆನೆಜರ್ ಎಂದು ಮನೆಗಳಿಗೆ ಹೆಸರಿಡುತ್ತೇವೆ, ಸಭೆಗಳಿಗೆ, ಶಾಲೆಗಳಿಗೆ, ಗಂಡುಮಕ್ಕಳಿಗೂ ಇಡುತ್ತೇವೆ. ಮಿಚ್ಪಕ್ಕೂ ಶೇನಿಗೂ ನಡುವೆ ಸಮುವೇಲ ಕಲ್ಲು ನಿಲ್ಲಿಸಿ, ಅದಕ್ಕೆ ಆ ಹೆಸರಿಟ್ಟು, ಇಲ್ಲಿಯವರೆಗೆ ಯೆಹೋವನು ಸಹಾಯ ಮಾಡಿದನೆಂದು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಬೋಧಕರು ಆ ಕಥೆಯನ್ನು ಗೆದ್ದ ದಿನದಿಂದ ಮಾತ್ರ ಹೇಳುತ್ತಾರೆ. ಮೂರು ಅಧ್ಯಾಯ ಹಿಂದಕ್ಕೆ ಹೋಗಿ ನೋಡಿ. ಇಸ್ರಾಯೇಲ್ಯರು ದಂಡು ಇಳಿಸಿದ ಜಾಗಕ್ಕೂ ಅದೇ ಹೆಸರು. ಅಲ್ಲಿ ಅವರು ಸೋತರು. ಮೊದಲು ನಾಲ್ಕು ಸಾವಿರ, ಆಮೇಲೆ ಮೂವತ್ತು ಸಾವಿರ ಜನ ಬಿದ್ದರು. ಜಯ ಸಿಕ್ಕೇ ಸಿಗುತ್ತದೆಂದು ಕೂಗಾಡುತ್ತ ಒಪ್ಪಂದದ ಮಂಜೂಷವನ್ನು ರಣಕ್ಕೆ ಹೊತ್ತು ತಂದಿದ್ದರು. ಆ ಮಂಜೂಷವೇ ಶತ್ರುವಿನ ಕೈಸೇರಿತು. ಯಾಜಕ ಏಲಿಯ ಮಕ್ಕಳು ಹೊಫ್ನಿ, ಫೀನೆಹಾಸರು ಸತ್ತರು, ಸುದ್ದಿ ಕೇಳಿ ಮುದುಕ ಏಲಿ ಪೀಠದಿಂದ ಬಿದ್ದು ಸತ್ತ. ಆಮೇಲೆ ಇಪ್ಪತ್ತು ವರ್ಷಗಳ ದುಃಖ. ಬಾಳ್, ಅಷ್ಟೋರೆತ್‌ಗಳನ್ನು ತೆಗೆದುಹಾಕಿ, ಉಪವಾಸವಿದ್ದು, ನಾವು ಪಾಪ ಮಾಡಿದೆವು ಎಂದು ಒಪ್ಪಿಕೊಂಡ ಮೇಲೆ ಬಂದದ್ದು ಆ ಗೆಲುವು. ಸಮುವೇಲ ಕಲ್ಲಿಗೆ ಹೊಸ ಹೆಸರು ಹುಡುಕಲಿಲ್ಲ. ಸೋಲಿನ ಹೆಸರನ್ನೇ ಇಟ್ಟ. ಆ ಕಲ್ಲಿನ ಮುಂದೆ ನಿಂತವನಿಗೆ ಬಿದ್ದ ಮೂವತ್ತು ಸಾವಿರ ಜನರನ್ನು ಮರೆಯುವುದು ಸಾಧ್ಯವೇ ಇರಲಿಲ್ಲ. ಸೋಲನ್ನೂ ತಪ್ಪನ್ನೂ ಸೇರಿಸಿಕೊಂಡು ಹೇಳುವ ಕೃತಜ್ಞತೆ ಅದು.

ಈಗ ನಮ್ಮ ಸಾಕ್ಷಿಗಳನ್ನು ನೋಡಿ. ಸಾಕ್ಷಿ ಹೇಳುವುದು ನಮ್ಮಲ್ಲಿ ಉಳಿದಿರುವ ಏಕೈಕ ನೆನಕೆಯ ಪದ್ಧತಿ. ಅದನ್ನೂ ಹಾಳುಮಾಡಿದ್ದೇವೆ. ಸಾಲ ತೀರಿದ್ದು, ವೀಸಾ ಸಿಕ್ಕಿದ್ದು, ಸೈಟು ಬಂದದ್ದು, ಗೂಡಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಸಿಕ್ಕಿದ್ದು ಸಾಕ್ಷಿ. ರೇಷ್ಮೆ ಸಾಕುವ ನಮ್ಮ ಸೀಮೆಯಲ್ಲಿ ಹುಳು ನಾಲ್ಕು ಜ್ವರ ದಾಟಿ ಹಣ್ಣಾಗಿ ಚಂದ್ರಿಕೆ ಏರುವವರೆಗೆ ಮನೆಮಂದಿಗೆ ನಿದ್ದೆಯಿಲ್ಲ. ಸಪ್ಪೆ ರೋಗವೋ ಸುಣ್ಣಕಟ್ಟೋ ಬಂದರೆ ತಿಂಗಳ ದುಡಿಮೆ ತಿಪ್ಪೆಗೆ. ಹಾಗೆ ಕಳೆದುಕೊಂಡವರು ಭಾನುವಾರ ಎದ್ದು ನಿಂತು, ಹುಳು ಸತ್ತವು, ಆದರೂ ದೇವರು ನಮ್ಮನ್ನು ಕೈಬಿಡಲಿಲ್ಲ, ಪಕ್ಕದ ಮನೆಯವರು ಅಕ್ಕಿ ಕೊಟ್ಟರು ಎಂದು ಹೇಳುವ ಜಾಗ ಇಂದು ಸಭೆಯಲ್ಲಿ ಇಲ್ಲ. ಹೇಳಿದರೆ ಮರುಕದಿಂದ ನೋಡುತ್ತಾರೆ, ವಿಶ್ವಾಸ ಸಾಲದೆಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಹೀಗಾಗಿ ಗೆದ್ದವರ ಬಾಯಿ ಮಾತ್ರ ತೆರೆದಿದೆ. ನನ್ನ ತೂಕದಲ್ಲಿ ಆ ಅಕ್ಕಿಯ ಸಾಕ್ಷಿ ಹತ್ತು ವೀಸಾಗಳ ಸಾಕ್ಷಿಗಿಂತ ಹೆಚ್ಚು.

ಇದರ ಘೋರ ರೂಪವನ್ನು ನಾವು 2021ರಲ್ಲಿ ಕಂಡೆವು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಹೋಯಿತು. ಮೊದಲ ಲೆಕ್ಕದಲ್ಲೇ 24 ಮಂದಿ ಸತ್ತಿದ್ದರು. ನಮ್ಮದೇ ಜಿಲ್ಲೆಯ ಜನ. ಕೋವಿಡ್ ಸಾಂಕ್ರಾಮಿಕ ಮುಗಿದ ಮೇಲೆ ಎಷ್ಟು ಕೂಟಗಳಲ್ಲಿ ‘ನನ್ನ ವಿಶ್ವಾಸ ನನ್ನನ್ನು ಉಳಿಸಿತು, ನನ್ನ ಪ್ರಾರ್ಥನೆಗೆ ದೇವರು ಉತ್ತರಿಸಿದನು’ ಎಂಬ ಸಾಕ್ಷಿಗಳು ಬಂದವು! ಹೇಳಿದವರ ಸಂತೋಷ ನಿಜವಾದದ್ದು, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದೇ ಬೆಂಚಿನ ಮೇಲೆ ಗಂಡನನ್ನು ಕಳೆದುಕೊಂಡವಳು ಕೂತಿರುತ್ತಾಳೆ. ಅವಳೂ ಪ್ರಾರ್ಥಿಸಿದ್ದಳು. ಸಾಕ್ಷಿ ಹೇಳುವವನ ಮಾತಿನ ಒಳಗಿರುವ ತೀರ್ಪು ಅವಳ ಎದೆಗೆ ನಾಟುತ್ತದೆ.

ಇಂಥಲ್ಲಿ ಕೃತಜ್ಞತೆ ಹೇಳುವುದು ಹೇಗೆ? ವೇದದಲ್ಲೇ ದಾರಿ ಇದೆ. ಅಪೊಸ್ತಲರ ಕೃತ್ಯಗಳ ಹನ್ನೆರಡನೆಯ ಅಧ್ಯಾಯದಲ್ಲಿ ಹೆರೋದನು ಅಪೊಸ್ತಲ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ನಂತರ ಪೇತ್ರನನ್ನು ಸೆರೆಗೆ ಹಾಕುತ್ತಾನೆ. ಪೇತ್ರನನ್ನು ದೇವದೂತ ಬಿಡಿಸುತ್ತಾನೆ. ಒಬ್ಬ ಸತ್ತ, ಒಬ್ಬ ಉಳಿದ. ಯಾಕೋಬನಿಗೆ ವಿಶ್ವಾಸ ಕಡಿಮೆಯಿತ್ತೆಂದು ಲೂಕ ಒಂದು ಅಕ್ಷರ ಬರೆಯುವುದಿಲ್ಲ. ಪೇತ್ರನೂ ಬಾಗಿಲು ತಟ್ಟಿ ಒಳಗೆ ಬಂದಾಗ ಕರ್ತನು ತನ್ನನ್ನು ಹೇಗೆ ಹೊರಗೆ ತಂದನೆಂದಷ್ಟೇ ಹೇಳುತ್ತಾನೆ, ಏಕೆ ತಂದನೆಂದು ಹೇಳುವುದಿಲ್ಲ. ಯಾಕೋಬನ ಸಾವು ಮೊದಲು ಬರೆದು, ಅದರ ಕೆಳಗೆ ಪೇತ್ರನ ಬಿಡುಗಡೆ ಬರೆದ ಆ ಪುಟದಂತೆ ನಮ್ಮ ಸಾಕ್ಷಿ ಇರಬೇಕು. ಉಳಿದವನು ಸತ್ತವರ ಹೆಸರು ಹೇಳಿ ಆಮೇಲೆ ಸ್ತೋತ್ರ ಹೇಳಲಿ. ಉಳಿದದ್ದು ತನ್ನ ಯೋಗ್ಯತೆಯಿಂದ ಎನ್ನದಿರಲಿ. ಆಗ ವಿಧವೆಯೂ ಆಮೆನ್ ಹೇಳಬಲ್ಲಳು.

ಗೌರವದಿಂದ ಕೇಳಬೇಕಾದ ಆಕ್ಷೇಪವೊಂದಿದೆ. ಹಿಂದೆ ನೋಡಿದರೆ ನಮಗೆ ಕಾಣುವುದು ಅವಮಾನ, ಹಸಿವು, ಜೀತ. ಅದನ್ನೇಕೆ ನೆನೆಯಬೇಕು, ಮಕ್ಕಳು ಮುಂದೆ ನೋಡಲಿ ಎನ್ನುತ್ತಾರೆ ದಲಿತ ಮನೆಗಳಿಂದ ಬಂದ ಕ್ರೈಸ್ತರು. ಇದು ಸೋಮಾರಿಯ ಮರೆವಲ್ಲ, ನೋವಿನ ಮರೆವು. ಆದರೂ ನನ್ನ ಉತ್ತರ ಬದಲಾಗುವುದಿಲ್ಲ. ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ರೈತ ಪ್ರಥಮ ಫಲದ ಪುಟ್ಟಿ ಹೊತ್ತು ದೇವರ ಮುಂದೆ ಬರುತ್ತಾನೆ. ಅಲ್ಲಿ ಅವನು ಹೇಳಬೇಕಾದದ್ದು ಬೆಳೆಯ ಹೆಚ್ಚಳವನ್ನಲ್ಲ. ನನ್ನ ಮೂಲಪುರುಷ ಅಲೆಮಾರಿ, ಐಗುಪ್ತದಲ್ಲಿ ಪರದೇಶಿಯಾಗಿದ್ದ, ಅವರು ನಮ್ಮನ್ನು ಬಾಧಿಸಿದರು, ಬಿಟ್ಟಿ ದುಡಿಸಿದರು, ನಾವು ಕೂಗಿಕೊಂಡೆವು, ಯೆಹೋವನು ಕೇಳಿದನು ಎಂದು ಗಟ್ಟಿಯಾಗಿ ಹೇಳಬೇಕು. ಜೀತದ ಚರಿತ್ರೆಯೇ ಸುಗ್ಗಿಯ ಪ್ರಾರ್ಥನೆ. ಹೇಳಿ ಮುಗಿಸಿದ ಮೇಲೆ ಲೇವಿಯನನ್ನೂ ಪರದೇಶಿಯನ್ನೂ ಕೂರಿಸಿಕೊಂಡು ಉಣ್ಣಬೇಕು. ಎರಡು ಅಧ್ಯಾಯ ಹಿಂದೆ, ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡು, ಹೊಲದಲ್ಲಿ ಮರೆತ ಸಿವುಡನ್ನು ತರಲು ಹಿಂದಿರುಗಬೇಡ, ಅದು ಪರದೇಶಿಗೂ ವಿಧವೆಗೂ ಸೇರಿದ್ದು, ನೀನು ದಾಸನಾಗಿದ್ದೆ ಎಂಬುದನ್ನು ಜ್ಞಾಪಕದಲ್ಲಿಟ್ಟುಕೋ ಎಂದಿದೆ. ಅವಮಾನವನ್ನು ಮರೆತವನು ಇನ್ನೊಬ್ಬನನ್ನು ಅವಮಾನಿಸಲು ಹೇಸುವುದಿಲ್ಲ. ನಮ್ಮ ಸಭೆಗಳ ಕೊಯ್ಲಿನ ಹಬ್ಬದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಕೋಳಿ ಹರಾಜಿಗೆ ಬರುತ್ತವೆ. ಯಾರು ಎಷ್ಟಕ್ಕೆ ಕೂಗಿದರೆಂಬುದು ವಾರವೆಲ್ಲ ಮಾತಾಗುತ್ತದೆ. ಅರಿಸಿನ ಕಿತ್ತವರಿಗೆ, ಕಬ್ಬು ಕಡಿದವರಿಗೆ ಕೂಲಿ ಸಂದಿತೇ ಎಂದು ಆ ದಿನ ಯಾರೂ ಕೇಳುವುದಿಲ್ಲ.

ನಮ್ಮ ಸೀಮೆಗೂ ಹೇಳಲು ಐಗುಪ್ತವುಂಟು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಪಕ್ಕದ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷದಷ್ಟಿದ್ದದ್ದು 1881ಕ್ಕೆ 42 ಲಕ್ಷಕ್ಕೆ ಇಳಿಯಿತು. ಆಗ ದಿಕ್ಕಿಲ್ಲದ ಮಕ್ಕಳಿಗೆ ತುಮಕೂರು, ಹಾಸನಗಳಲ್ಲಿ ವೆಸ್ಲಿಯನ್ ಮಿಷನ್ ಅನಾಥಾಲಯ ತೆರೆಯಿತು. ಇಂದಿನ ಎಷ್ಟೋ ಕನ್ನಡ ಕ್ರೈಸ್ತ ಮನೆತನಗಳ ಬೇರು ಅಂಥ ಅನಾಥ ಮಕ್ಕಳಲ್ಲಿದೆ. ಅದನ್ನು ಹೇಳಿಕೊಳ್ಳಲು ನಾಚುತ್ತೇವೆ. ಕಾಡಂಚಿನ ಊರುಗಳ ನೆನಪಂತೂ ಇನ್ನೂ ಹಸಿ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಒಂದು ಕಡೆ ಅವನ ಬಂದೂಕು, ಇನ್ನೊಂದು ಕಡೆ ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆಯ ಲಾಠಿ. ಅವನ ಗುಂಪು ನಡೆಸಿದ 1993ರ ಪಾಲಾರ್ ಸ್ಫೋಟದ ಬಳಿಕ ಭಯೋತ್ಪಾದನೆ ತಡೆಯ ಟಾಡಾ ಕಾಯಿದೆಯಲ್ಲಿ ಸೆರೆಯಾಗಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕಳೆದು 2001ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದ ಬಡವರು ಅನೇಕರು, ಅವರಲ್ಲಿ ಕ್ರೈಸ್ತರೂ ಇದ್ದರು. ನ್ಯಾಯಮೂರ್ತಿ ಸದಾಶಿವ ಸಮಿತಿ ಇವರ ಗೋಳು ಕೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಪರಿಹಾರ ಕೊಡಬೇಕೆಂದಿತು. ಜೈಲಿನ ಗೋಡೆಯ ಒಳಗೆ ಜಪಮಾಲೆ ಹಿಡಿದು ಬದುಕಿ ಬಂದವರ, ಹೊರಗೆ ಮಕ್ಕಳನ್ನು ಸಾಕಿದ ಹೆಂಗಸರ ಸಾಕ್ಷಿಯನ್ನು ಕೇಳದೆ ‘ಹಿಂದಿನದನ್ನು ಮರೆಯಿರಿ’ ಎನ್ನುವ ಬೋಧಕ, ತನಗೆ ಗೊತ್ತಿಲ್ಲದೆಯೇ, ಅನ್ಯಾಯ ಮಾಡಿದವರಿಗೆ ಅನುಕೂಲ ಮಾಡಿಕೊಡುತ್ತಿದ್ದಾನೆ. ನಲವತ್ತನಾಲ್ಕನೆಯ ಕೀರ್ತನೆಯನ್ನು ಅವನು ಓದಲಿ. ಪಿತೃಗಳಿಗೆ ಮಾಡಿದ ಉಪಕಾರವನ್ನೆಲ್ಲ ನೆನೆದು, ಆ ನೆನಪಿನ ಬಲದಿಂದಲೇ, ಈಗ ನಮ್ಮನ್ನೇಕೆ ಕೈಬಿಟ್ಟೆ ಎಂದು ದೇವರ ಜೊತೆ ಜಗಳಕ್ಕೆ ನಿಲ್ಲುವ ಕೀರ್ತನೆ ಅದು. ಹಳೆಯ ಉಪಕಾರ ನೆನಪಿಲ್ಲದವನಿಗೆ ದೇವರನ್ನು ಹಾಗೆ ಕೇಳುವ ಧೈರ್ಯವೂ ಬರುವುದಿಲ್ಲ.

ದೇವರ ಸಹಾಯ ಬಂದದ್ದು ಮನುಷ್ಯರ ಕೈಯಿಂದ. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಲ್ಲಿ ಹುಟ್ಟಿದವರು ಈ ಸುತ್ತಿನ ಎಲ್ಲ ಜಾತಿ, ಎಲ್ಲ ಮತಗಳಲ್ಲಿದ್ದಾರೆ. ಕ್ರೈಸ್ತರಿಗೆ ಆಪತ್ತಿನಲ್ಲಿ ನೀರು, ನೆರಳು, ಸಾಕ್ಷ್ಯ, ಜಾಮೀನು ಕೊಟ್ಟವರಲ್ಲಿ ಮಾದಪ್ಪನ ಒಕ್ಕಲಿನವರೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಅವರ ಹೆಸರು ನಮ್ಮ ಸ್ತೋತ್ರದಲ್ಲಿ ಬರುವುದಿಲ್ಲ. ಪೌಲ ಎಪಫ್ರೊದೀತನ ಹೆಸರು ಹೇಳಿದ. ನಾವು ‘ಕರ್ತನು ಮಾಡಿದನು’ ಎಂದು ಹೇಳಿ, ಮಾಡಿದವರ ಹೆಸರನ್ನು ನುಂಗುತ್ತೇವೆ. ಇದನ್ನು ಭಕ್ತಿಯೆಂದು ನಾನು ಒಪ್ಪುವುದಿಲ್ಲ.

ಹಿರಿಯರಿಗೂ ಒಂದು ಮಾತು. ನಮ್ಮ ಕಾಲದಲ್ಲಿ ಸಭೆ ಹೇಗಿತ್ತು ಗೊತ್ತೇ ಎಂದು ಹುಡುಗರ ಬಾಯಿ ಮುಚ್ಚಿಸುವುದು ಉಪಕಾರಸ್ಮರಣೆಯಲ್ಲ. ಹಿಂದಿನ ದಿನಗಳೇ ಈಗಿನವಕ್ಕಿಂತ ಚೆನ್ನಾಗಿದ್ದವು ಎನ್ನಬೇಡ ಎಂದು ಪ್ರಸಂಗಿಯೇ ಗದರಿಸಿದ್ದಾನೆ. ಯುವಕರು ಹೊಸ ಬೋಧಕರ ಕಡೆಗೆ ಓಡಲು ಈ ಗದರಿಕೆಯೂ ಒಂದು ಕಾರಣ.

ಸಭಾಪಾಲಕರೇ, ಗುರುಗಳೇ, ಈ ಡಿಸೆಂಬರ್ 31ಕ್ಕೆ ಚೀಟಿಯ ತಟ್ಟೆಯನ್ನು ಪಕ್ಕಕ್ಕಿಡಿ. ನಿಮ್ಮ ಬೀರುವಿನಲ್ಲಿ ದೀಕ್ಷಾಸ್ನಾನದ ದಾಖಲೆ ಇದೆ, ಸಮಾಧಿಯ ದಾಖಲೆ ಇದೆ. ಎರಡನ್ನೂ ತಂದು ವೇದಿಯ ಮುಂದಿಡಿ. ಈ ವರ್ಷ ಹುಟ್ಟಿದವರ ಹೆಸರೂ ಸತ್ತವರ ಹೆಸರೂ ಗಟ್ಟಿಯಾಗಿ ಓದಿ. ಹುಳು ಸತ್ತ ಮನೆಯವರನ್ನು ಮೊದಲು ಸಾಕ್ಷಿಗೆ ಕರೆಯಿರಿ. ಜೈಲಿನಿಂದ ಬಂದ ಮುದುಕರು ಇನ್ನೂ ಬದುಕಿದ್ದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರು ಹೇಳುವುದನ್ನು ಒಬ್ಬ ಹುಡುಗಿಯೋ ಹುಡುಗನೋ ಬರೆದುಕೊಳ್ಳಲಿ. ಆ ತಲೆಮಾರು ವೇಗವಾಗಿ ಹೋಗುತ್ತಿದೆ, ಮುಂದಿನ ವರ್ಷಕ್ಕೆ ಕಾಯಬೇಡಿ.